ಪೂಜೆಗೆ ಕೂರದ ಸೈಕಲ್ಲು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಹೇಳುವವಳ ಕೋಪವನ್ನೇನು ಹಿತ್ತಿಲಲ್ಲಿ ಕಟ್ಟಿಹಾಕಿದ್ದರೇ? ಅವಳ ಹೊಟ್ಟೆಯಲ್ಲಿ ಹುಟ್ಟಿದ ಮೇಲೆ ನನಗೆ ಇನ್ಯಾರ ಕೋಪ ಬರಬೇಕು. ಆ ಕೋಪದಿಂದಲೇ ನಲವತ್ತು ದಾಟಿದ ಮೇಲೆ ನಾನು ಒಂದು ಸೈಕಲ್ ಕಟ್ಟಿದೆ, ಅದರ ಮೇಲೆ ಕೆಂಗೇರಿಗೆ ಹೋದೆ. ಈಗಲೂ ನೆನೆದರೆ ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ, ಯಾರಪ್ಪನ ಗಂಟೇನು ಹೋಗುತ್ತದೆ.

ಆಗ ನಾವು ಮಾಗಡಿ ರಸ್ತೆಯ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆವು. ನಾನೂ ನಮ್ಮ ಮನೆಯವರೂ ಒಂದೇ ಬಟ್ಟೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ನೂಲು ಸುತ್ತುವ ಕಡೆ, ಅವರು ಬಟ್ಟೆಯ ಬೇಲುಗಳನ್ನು ಕಟ್ಟಿ ಹೊರುವ ಕಡೆ. ಇದ್ದೊಬ್ಬ ಮಗಳನ್ನು ಮದುವೆ ಮಾಡಿ ಕಳಿಸಿದ್ದಾಗಿತ್ತು. ನಮ್ಮ ಮನೆಯವರು ಯಾರ ಮೇಲೂ ದನಿ ಎತ್ತಿದವರಲ್ಲ. ಯಾರಾದರೂ ಕಾಲು ತುಳಿದರೆ, ತುಳಿದವರಿಗೇ ನೋವಾಯಿತೇನೋ ಎಂದು ನೋಡುವ ಜನ. ಎಲ್ಲಿಗೆ ಹೋಗುವುದಾದರೂ ನಡೆದೇ ಹೋಗುತ್ತಿದ್ದರು, ಅವರ ಹಿಂದೆ ನಾನೂ ನಡೆಯುತ್ತಿದ್ದೆ.

ಕೆಂಗೇರಿ ನನ್ನ ತವರು. ಅಲ್ಲಿ ಅವ್ವ ನನ್ನ ತಮ್ಮನ ಜೊತೆ ಇದ್ದಳು. ತಮ್ಮನ ಮಗನಿಗೆ ಮುಡಿ ತೆಗೆಸಿದ ದಿನ ನಾವಿಬ್ಬರೂ ನಡೆದುಕೊಂಡೇ ಹೋಗಿದ್ದೆವು. ಹೋಗಿ ಮುಟ್ಟುವ ಹೊತ್ತಿಗೆ ಮೊದಲ ಪಂಕ್ತಿ ಎದ್ದಿತ್ತು, ನಮ್ಮ ಮನೆಯವರ ಪಂಚೆ ಮೊಣಕಾಲಿನವರೆಗೆ ಧೂಳಿಗೆ ಕೆಂಪಾಗಿತ್ತು. ತಮ್ಮ ಆ ವಾರವೇ ಹೊಸ ಸೈಕಲ್ ಕೊಂಡಿದ್ದ. ಅದಕ್ಕೊಂದು ಹೂವಿನ ಹಾರ ಹಾಕಿ, ಬಂದವರೆಲ್ಲ ನೋಡಲಿ ಎಂದು ಜಗಲಿಯ ಮೇಲೆ ನಿಲ್ಲಿಸಿದ್ದ. ನಾವು ಎರಡನೇ ಪಂಕ್ತಿಗೆ ಕೂತೆವು. ಅವನು ಪಾಯಸ ಬಡಿಸುತ್ತಾ ಬಂದು ನಮ್ಮ ಮನೆಯವರ ಎಲೆಯ ಮುಂದೆ ನಿಂತ.

"ಏನು ಭಾವ, ಒಂದು ಸೈಕಲ್ ತಗೊಬಾರ್ದಾ? ತಗೊಂಡ್ರೂ ನೀವು ಅದನ್ನ ಹೆಗಲ ಮೇಲೆ ಹೊತ್ಕೊಂಡು ನಡೀತೀರ ಬಿಡಿ. ನಮ್ಮಕ್ಕನ ಹಣೇಲಿ ಬರೆದಿರೋದೇ ಧೂಳು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅದನ್ನೂ ತಡೆದುಕೊಳ್ಳುತ್ತಿದ್ದೆನೇನೋ. ನಮ್ಮ ಮನೆಯವರೂ ತಲೆ ತಗ್ಗಿಸಿ ನಕ್ಕರು ನೋಡಿ, ಅಲ್ಲಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಎಲೆಯಲ್ಲಿ ಅನ್ನ ಇರುವಾಗಲೇ ಎದ್ದು ನಿಂತೆ.

"ಕೇಳ್ಕೊಳೋ. ನಮ್ಮದೇ ಸೈಕಲ್ ಮೇಲೆ ಬಂದ ದಿವಸವೇ ನಾನು ಈ ಹೊಸ್ತಿಲು ತುಳಿಯೋದು. ಅಲ್ಲೀತನಕ ನಿನ್ನ ಮನೆ ನೀರೂ ಬೇಡ ನಂಗೆ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಊಟದ ಎಲೆಯ ಮುಂದೆ ನಿಂತು ಆಡಿದ ಮಾತೂ ಹಾಗೆಯೇ, ನಮ್ಮಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ಇಲ್ಲ. ಊರ ಬಾಗಿಲವರೆಗೆ ಅವ್ವ ನಮ್ಮ ಹಿಂದೆಯೇ ಬಂದಳು. ಹಿಂದಕ್ಕೆ ಬಾ ಎಂದು ಕರೆಯಲಿಲ್ಲ. ಆಗಲೇ ಅವಳ ಕಣ್ಣಿಗೆ ಪೊರೆ ಬರುತ್ತಿತ್ತು, ನನ್ನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. "ಆಡಿದ್ ಮಾತು ಉಳಿಸ್ಕೊಂಡೇ ಬಾ. ಆದ್ರೆ ಬೇಗ ಬಾ ಕಣವ್ವ" ಎಂದಳು.

ಹೊಸ ಸೈಕಲ್ ಕೊಳ್ಳುವುದು ನಮ್ಮ ಕೈಯಲ್ಲಾಗುವ ಮಾತಾಗಿರಲಿಲ್ಲ. ಒಂದು ಭಾನುವಾರ ನಮ್ಮ ಮನೆಯವರು ಬೆಳಿಗ್ಗೆ ಹೋದವರು ಮಧ್ಯಾಹ್ನಕ್ಕೆ ಬಂದರು. ಗುಜರಿ ಸಂತೆಯಿಂದ ಒಂದು ಸೈಕಲ್ಲಿನ ಬರೀ ಮೈ ತಂದಿದ್ದರು. ಚಕ್ರವಿಲ್ಲ, ಚೈನಿಲ್ಲ, ಸೀಟಿಲ್ಲ. ಸಿಟಿಯಿಂದ ಮಾಗಡಿ ರಸ್ತೆಯವರೆಗೆ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ನಡೆದು ಬಂದಿದ್ದರು. "ನಿನ್ನ ತಮ್ಮ ಹೇಳಿದ್ದು ನಿಜ ಆಯ್ತು ನೋಡು" ಎಂದು ನಗುತ್ತಾ ನೆಲಕ್ಕಿಳಿಸಿದರು. ನನಗೆ ನಗುವೂ ಬಂತು, ಅಳುವೂ ಬಂತು. ಅವರ ಹೆಗಲಿಗೆ ಎಣ್ಣೆ ಹಚ್ಚಿ ಉಜ್ಜಿದೆ.

ಅಂದಿನಿಂದ ಒಂದೊಂದೇ ಸಾಮಾನು ಮನೆಗೆ ಬರತೊಡಗಿತು. ಒಂದು ತಿಂಗಳು ಹ್ಯಾಂಡಲ್ ಬಂದರೆ ಇನ್ನೊಂದು ತಿಂಗಳು ರಿಮ್ಮು. ತುಕ್ಕು ಹಿಡಿದದ್ದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಇಟ್ಟಿಗೆ ಪುಡಿ ಹಾಕಿ ಉಜ್ಜುವುದು ನನ್ನ ಕೆಲಸ. ಹಿಂದಿನ ಚಕ್ರದ ನಡುವಿನ ಹಬ್ಬು ಯಾವುದೋ ಸರ್ಕಸ್ ಕಂಪನಿಯ ಮುರುಕು ಸೈಕಲ್ಲಿನದು. ಅದಕ್ಕೆ ಫ್ರೀವೀಲ್ ಇರಲಿಲ್ಲ. ಫ್ರೀವೀಲ್ ಇದ್ದರೆ ಕಾಲು ನಿಂತರೂ ಚಕ್ರ ತನ್ನ ಪಾಡಿಗೆ ಓಡುತ್ತದೆ. ಸರ್ಕಸ್ಸಿನ ಚಕ್ರದಲ್ಲಿ ಚೈನು ಕೂರುವ ಹಲ್ಲುಬಿಲ್ಲೆಯನ್ನು ಹಬ್ಬಿಗೇ ಬಿಗಿದಿರುತ್ತಾರೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು, ಹಿಂದಕ್ಕೆ ತುಳಿದರೆ ಸೈಕಲ್ಲೇ ಹಿಂದಕ್ಕೆ ಹೋಗುತ್ತದೆ. "ಸದ್ಯಕ್ಕೆ ಇರಲಿ, ಫ್ರೀವೀಲ್ ಸಿಕ್ಕಿದ ಮೇಲೆ ಇದನ್ನ ಬಿಚ್ಚಿ ಅದನ್ನ ಹಾಕೋಣ" ಎಂದರು ನಮ್ಮ ಮನೆಯವರು.

ಚಕ್ರಕ್ಕೆ ಕಡ್ಡಿ ಹೆಣೆದವಳು ನಾನು. ನಮ್ಮ ಬೀದಿಯ ತುದಿಯಲ್ಲಿ ಗಂಟೆಯ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಒಬ್ಬ ಅಂಗಡಿಯವನಿದ್ದ. ಹೆಣೆದುಕೊಡು ಎಂದು ಹೋದರೆ ಹಬ್ಬದ ಕೆಲಸ, ಮದುವೆ ಕೆಲಸ ಎಂದು ಸತಾಯಿಸಿದ. ಹಾಗಾದರೆ ಹೇಗೆಂದು ತೋರಿಸು, ನಾನೇ ಮಾಡಿಕೊಳ್ಳುತ್ತೇನೆ ಎಂದೆ.

"ಇದು ಹೆಂಗಸರ ಕೈಗೆ ಹತ್ತೋ ಕೆಲಸ ಅಲ್ಲಮ್ಮ."

"ದಿನಾ ನೂಲು ಸುತ್ತೋ ಕೈಗೆ ತಂತಿ ಹತ್ತಲ್ವಾ? ಸುಮ್ನೆ ತೋರಿಸಪ್ಪ."

ತೋರಿಸಿದ. ಒಂದು ಕಡ್ಡಿ ಮೇಲೆ, ಒಂದು ಕೆಳಗೆ, ಮಂಚಕ್ಕೆ ನವಾರು ಹೆಣೆದ ಹಾಗೆ. ಹೆಣೆಯುವುದೇನೋ ಬಂತು, ಬಿಗಿಯುವುದು ಬರಲಿಲ್ಲ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸಡಿಲ. ತಿರುಗಿಸಿದರೆ ಚಕ್ರ ಹೆಂಡ ಕುಡಿದವನ ಹಾಗೆ ವಾಲಾಡುತ್ತಿತ್ತು. ಅಷ್ಟೂ ಬಿಚ್ಚಿ ಮತ್ತೆ ಹೆಣೆದೆ, ಮತ್ತೆ ಬಿಚ್ಚಿದೆ. ರಿಮ್ಮಿನ ಪಕ್ಕಕ್ಕೆ ಒಂದು ಪೊರಕೆ ಕಡ್ಡಿ ಹಿಡಿದು, ಎಲ್ಲಿ ತಾಗುತ್ತದೆ ಎಲ್ಲಿ ದೂರವಾಗುತ್ತದೆ ಎಂದು ನೋಡುತ್ತಾ ಕೂರುತ್ತಿದ್ದೆ. ಎಷ್ಟೋ ದಿನ ಸಾರು ಒಲೆಯ ಮೇಲೆ ಉಕ್ಕಿಹೋಯಿತು. ಕೊನೆಗೊಂದು ದಿನ ಚಕ್ರ ತಿರುಗಿತು, ಪೊರಕೆ ಕಡ್ಡಿಗೆ ತಾಗದೆ, ದೂರವೂ ಆಗದೆ ನೆಟ್ಟಗೆ ತಿರುಗಿತು. ಮಗಳು ಹುಟ್ಟಿದಾಗ ಆದಷ್ಟೇ ಖುಷಿ ಆಯಿತು, ಸುಳ್ಳು ಯಾಕೆ ಹೇಳಲಿ.

ವಠಾರದ ಮನೆ ಯಜಮಾನಿ ಬಾವಿಕಟ್ಟೆಯಲ್ಲಿ ನಿಂತು, "ಮೊಮ್ಮಗು ಆಡಿಸೋ ವಯಸ್ಸಲ್ಲಿ ಗಂಡ ಹೆಂಡ್ತಿಗೆ ಸೈಕಲ್ ಆಟ ನೋಡು" ಎಂದು ನಗಾಡಿದಳು.

"ಮೊಮ್ಮಗು ಬರಲಿ ಬಿಡಿ, ಅದನ್ನೂ ಕ್ಯಾರಿಯರ್ ಮೇಲೆ ಕೂರಿಸ್ಕೊತೀವಿ" ಎಂದೆ.

ಇನ್ನು ಸೈಕಲ್ ತುಳಿಯುವುದನ್ನು ಕಲಿಯಬೇಕಲ್ಲ. ನಮ್ಮಿಬ್ಬರಿಗೂ ಬರುತ್ತಿರಲಿಲ್ಲ. ರಾಜಾಜಿನಗರದಲ್ಲಿ ಆಗಿನ್ನೂ ರಸ್ತೆ ಹಾಕುತ್ತಿದ್ದರು. ಉದ್ದಕ್ಕೆ ರಸ್ತೆ ಬಿದ್ದಿತ್ತು, ಮನೆ ಅಲ್ಲೊಂದು ಇಲ್ಲೊಂದು, ಉಳಿದದ್ದೆಲ್ಲ ಸೈಟಿನ ಕಲ್ಲು. ಬಿದ್ದರೂ ನೋಡುವವರಿಲ್ಲ. ಸಂಜೆ ಬಾಡಿಗೆ ಸೈಕಲ್ ತಂದು ನಮ್ಮ ಮನೆಯವರು ಹತ್ತುವುದು, ನಾನು ಹಿಂದೆ ಕ್ಯಾರಿಯರ್ ಹಿಡಿದು ಓಡುವುದು. ನಾನು ಕೈಬಿಟ್ಟ ಕೂಡಲೇ ಅವರು ಯಾವುದಾದರೊಂದು ಸೈಟಿನ ಕಲ್ಲನ್ನು ಹುಡುಕಿಕೊಂಡು ಹೋಗಿ ಗುದ್ದುತ್ತಿದ್ದರು. ಒಂದು ಸಂಜೆ ಓಡಿ ಓಡಿ ನನಗೆ ರೇಗಿತು.

"ಇಳೀರಿ ನೀವು. ನಾನು ತೋರಿಸ್ತೀನಿ."

"ನಿಂಗೆಲ್ಲಿ ಬರ್ತದೆ?"

"ನಿಮಗೆ ಬರೋವಷ್ಟು ನಂಗೂ ಬರ್ತದೆ."

ನಾಟಿ ಹಾಕುವಾಗ ಗದ್ದೆಯಲ್ಲಿ ಕಟ್ಟುತ್ತಿದ್ದ ಹಾಗೆ ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಹತ್ತಿದೆ. ಬಿದ್ದೆ. ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಮೂರನೇ ಸಲಕ್ಕೆ ಬೀಳಲಿಲ್ಲ. ರಸ್ತೆಯ ತುದಿಯವರೆಗೆ ಹೋದೆ, ಗಾಳಿ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಹಿಂದಿನಿಂದ ನಮ್ಮ ಮನೆಯವರು ಚಪ್ಪಾಳೆ ಹೊಡೆಯುತ್ತಾ ಓಡಿ ಬರುತ್ತಿದ್ದರು. ಹೆಂಡತಿ ತನಗಿಂತ ಮೊದಲು ಕಲಿತಳೆಂದು ಹೊಟ್ಟೆಕಿಚ್ಚು ಪಡದ ಗಂಡಸನ್ನು ನಾನು ಅವರೊಬ್ಬರನ್ನೇ ಕಂಡಿದ್ದು. ಆಮೇಲೆ ಅವರೂ ಕಲಿತರು. ಆದರೆ ಕೆಂಗೇರಿಗೆ ತುಳಿಯುವವರು ಅವರೇ, ನಾನು ಹಿಂದೆ ಕೂರುವುದು ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಪಂಕ್ತಿಯಲ್ಲಿ ಮಾನ ಹೋದದ್ದು ಅವರದು, ಅವರೇ ತುಳಿದುಕೊಂಡು ಹೋಗಿ ಅದನ್ನು ವಾಪಸು ತರಬೇಕು ಎಂಬುದು ನನ್ನ ಲೆಕ್ಕ.

ಆಯುಧಪೂಜೆಯ ಹಿಂದಿನ ದಿನ ಫ್ರೀವೀಲ್ ಸಿಕ್ಕಿತು, ಬ್ರೇಕಿನ ಸಾಮಾನೂ ಸಿಕ್ಕಿತು. ಅವೆರಡನ್ನು ಹಾಕಿದರೆ ಸೈಕಲ್ ಮುಗಿದ ಹಾಗೆ. ಚಕ್ರ, ಚೈನು, ಸೀಟು ಎಲ್ಲ ಆಗಿತ್ತು. ಪೂಜೆಯ ಬೆಳಿಗ್ಗೆ ನಾನು ಬೇಗ ಎದ್ದು ಮನೆಯಲ್ಲಿದ್ದ ಕತ್ತಿ, ಕತ್ತರಿ, ಈಳಿಗೆಮಣೆ ಎಲ್ಲ ತೊಳೆದು ಮಣೆಯ ಮೇಲೆ ಇಟ್ಟೆ. ಸ್ಪ್ಯಾನರು, ಇಕ್ಕಳ, ಕಡ್ಡಿ ಬಿಗಿಯುವ ಕೀಲಿಯನ್ನೂ ಇಟ್ಟೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನಾನೂ ಫ್ರೀವೀಲನ್ನು, ಬ್ರೇಕಿನ ಕಡ್ಡಿಗಳನ್ನು ಕಾಗದ ಬಿಚ್ಚಿ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟೆ.

ನಮ್ಮ ಮನೆಯವರು ಸ್ನಾನ ಮಾಡಿ ಬಂದು ನೋಡಿ, "ಅಯ್ಯೋ, ಅದನ್ನ ಯಾಕೆ ಇಟ್ಟೆ? ಪೂಜೆಗೆ ಮುಂಚೆ ಹಾಕ್ಬಿಡೋಣ ಅಂತಿದ್ದೆ" ಎಂದರು.

"ಹೊಸ ವಸ್ತು, ಪೂಜೆ ಆಗ್ಲಿ. ನಾಳೆ ಹಾಕಿದ್ರೆ ಏನು ಗಂಟು ಹೋಗುತ್ತೆ" ಎಂದೆ.

ನಮ್ಮ ಮನೆತನದ ಪದ್ಧತಿ ಹೀಗಿತ್ತು. ಆಯುಧಪೂಜೆಗೆ ಇಟ್ಟದ್ದನ್ನು ಮಾರನೆಯ ದಿನದ ಪೂಜೆ ಆಗುವ ತನಕ ಅಲುಗಿಸುವ ಹಾಗಿಲ್ಲ. ವರ್ಷವಿಡೀ ದುಡಿದ ಸಾಮಾನಿಗೆ ಒಂದು ದಿನ ರಜಾ. ಈಳಿಗೆಮಣೆ ಕೂಡ ಮುಟ್ಟಬಾರದೆಂದು ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟುಕೊಳ್ಳುತ್ತಿದ್ದೆವು. ಸೈಕಲ್ಲನ್ನೂ ಪೂಜೆಗೆ ಇಡೋಣವೆಂದು ಹೂವು ತೆಗೆದುಕೊಂಡು ಹೋದರೆ, ಮನೆ ಯಜಮಾನಿ ಬೇಡವೆಂದಳು. "ಅರೆಬರೆ ವಾಹನಕ್ಕೆ ಪೂಜೆ ಮಾಡಬಾರ್ದು ಕಣೇ, ಮುಗಿದ ಮೇಲೆ ಮಾಡು." ಸರಿಯೆಂದು ಸೈಕಲ್ಲನ್ನು ಹಾಗೇ ಗೋಡೆಗೆ ಒರಗಿಸಿಟ್ಟೆವು. ಅದಕ್ಕೆ ಒಂದು ಬೊಟ್ಟೂ ಇಡಲಿಲ್ಲ.

ಮಂಗಳಾರತಿ ಆಗಿ ಕಡಲೆಪುರಿ ಹಂಚುತ್ತಿದ್ದೆ. ಕೆಂಗೇರಿಯಿಂದ ಸೊಪ್ಪು ಹೂವು ತಂದು ಮಾರುವ ಒಬ್ಬಳು ನಮ್ಮ ಬೀದಿಗೆ ಬರುತ್ತಿದ್ದಳು, ಅವ್ವನ ಸಮಾಚಾರ ನನಗೆ ಅವಳ ಬಾಯಿಂದಲೇ ಸಿಗುತ್ತಿದ್ದದ್ದು. ಅವಳು ಬಂದು ಬುಟ್ಟಿ ಇಳಿಸಿದಳು.

"ನಾಳೆ ಬೆಳಗಿನ ರೈಲಿಗೆ ನಿಮ್ಮವ್ವನ್ನ ಮೈಸೂರಿಗೆ ಕರ್ಕೊಂಡ್ ಹೋಗ್ತಾರಂತೆ. ಅಲ್ಲಿ ನೆಂಟರ ಮನೇಲಿದ್ದು ಕಣ್ಣಿಗೆ ಆಪರೇಷನ್ನಂತೆ. ಈಗ ಬಿಸಿಲಿದ್ರೆ ಮಾತ್ರ ಮುಖ ತಿಳೀತದೆ ಅವ್ವಂಗೆ, ದೀಪದ ಬೆಳಕಲ್ಲಿ ಏನೂ ಇಲ್ಲ. ಕತ್ತರಿ ಬಿದ್ಮೇಲೆ ಏನೋ ಎಂತೋ, ಇರೋ ಬೆಳಕಲ್ಲಿ ಒಂದ್ಸಲ ಮಗಳ ಮುಖ ನೋಡ್ಬೇಕು ಅಂತ ಹೇಳಿ ಕಳಿಸವ್ಳೆ."

ಕಣ್ಣಿನ ಆಪರೇಷನ್ ಎಂದರೆ ಆಗ ಜನಕ್ಕೆ ಎದೆ ನಡುಕ. ಇದ್ದದ್ದೂ ಹೋಯಿತು ಎಂಬ ಕಥೆಗಳನ್ನೇ ಎಲ್ಲರೂ ಹೇಳುತ್ತಿದ್ದದ್ದು. ಇವತ್ತು ಹೊತ್ತು ಮುಳುಗುವುದರೊಳಗೆ ಕೆಂಗೇರಿಯಲ್ಲಿ ಇರಬೇಕು, ಅದೂ ನಮ್ಮ ಸೈಕಲ್ ಮೇಲೆ. ಆ ಸೈಕಲ್ಲಿನ ಬ್ರೇಕು, ಫ್ರೀವೀಲು, ಅವನ್ನು ಹಾಕುವ ಸ್ಪ್ಯಾನರು, ಮೂರೂ ನಾನೇ ಇಟ್ಟ ಕುಂಕುಮದ ಕೆಳಗೆ ಕೂತಿದ್ದವು.

ಬೇರೆ ದಿನವಾಗಿದ್ದರೆ ದೇವರ ಹತ್ತಿರವೂ ಜಗಳ ಆಡುತ್ತಿದ್ದೆ. ಆದರೆ ಮೈಸೂರಿನಲ್ಲಿ ಅವ್ವನ ಕಣ್ಣಿಗೆ ಕತ್ತರಿ ಬೀಳುವುದಿದೆ, ಇವತ್ತು ನಾನು ಪೂಜೆಯ ಮಣೆಯಿಂದ ಸ್ಪ್ಯಾನರು ಎತ್ತುವುದೇ? ಆ ಧೈರ್ಯ ನನಗೆ ಬರಲಿಲ್ಲ. ಮಣೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟೆ. ನಮ್ಮ ಮನೆಯವರು ಗೋಡೆಗೆ ಒರಗಿದ್ದ ಸೈಕಲ್ಲನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು.

"ಇದಕ್ಕೆ ಎಲ್ಲೂ ಕುಂಕುಮ ಬಿದ್ದಿಲ್ಲ ಅಲ್ವಾ?"

"ಇಲ್ಲ."

"ಹಂಗಾದ್ರೆ ಇದಕ್ಕೆ ರಜಾ ಇಲ್ಲ. ನಡಿ, ಹೋಗೋಣ."

ಬ್ರೇಕಿಲ್ಲದ ಸರ್ಕಸ್ ಚಕ್ರದ ಮೇಲೆ ಅವರು ಮುಂದೆ, ಕಡಲೆಪುರಿ ಚೀಲ ಮಡಿಲಲ್ಲಿಟ್ಟುಕೊಂಡು ನಾನು ಹಿಂದೆ. ಹೊಸಹಳ್ಳಿ, ಅತ್ತಿಗುಪ್ಪೆ ದಾಟುವವರೆಗೂ ಗಾಡಿ ದಾರಿ. ಹೊಲದಲ್ಲಿದ್ದವರು ನಿಂತು ನೋಡುತ್ತಿದ್ದರು. ಅಲ್ಲಿಯ ತನಕ ಫ್ರೀವೀಲ್ ಇದ್ದ ಬಾಡಿಗೆ ಸೈಕಲ್ಲಿನಲ್ಲೇ ಕಲಿತದ್ದಲ್ಲವೇ, ನಮ್ಮ ಮನೆಯವರು ಅಭ್ಯಾಸದ ಮೇಲೆ ಕಾಲು ನಿಲ್ಲಿಸಲು ಹೋದಾಗಲೆಲ್ಲ ಪೆಡಲು ಅವರನ್ನೇ ಎತ್ತಿ ಹಾಕುತ್ತಿತ್ತು. "ಇದೇನೇ ಇದು, ನಿನ್ನ ಥರಾನೇ ಮಾಡ್ತದೆ" ಎಂದರು. ಹಾಗೂ ಹೀಗೂ ಮೈಸೂರು ರಸ್ತೆಗೆ ಬಂದು ಸೇರಿದೆವು.

ನಾಯಂಡಹಳ್ಳಿಯ ಹತ್ತಿರ ರಸ್ತೆ ಹೊಳೆಯ ಕಡೆಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಚಕ್ರ ಜೋರಾಯಿತು, ಪೆಡಲೂ ಜೋರಾಯಿತು. ಅದರ ಜೊತೆ ಕಾಲು ಆಡಿಸಲಾಗದೆ ಅವರು ಎರಡೂ ಕಾಲನ್ನು ಮೇಲಕ್ಕೆತ್ತಿಬಿಟ್ಟರು. ಇನ್ನು ಸೈಕಲ್ಲಿಗೆ ಹೇಳುವವರಿಲ್ಲ ಕೇಳುವವರಿಲ್ಲ. ಎದುರಿಗೆ ಬಾಳೆಕಂದು ಕಟ್ಟಿಕೊಂಡ ಒಂದು ಲಾರಿ ಬರುತ್ತಿತ್ತು. "ಹೊಲಕ್ಕೆ ತಿರುಗಿಸಿ" ಎಂದು ಕೂಗಿದೆ. ತಿರುಗಿಸಿದರು. ರಾಗಿ ಪೈರಿನ ನಡುವೆ ನಾನೊಂದು ಕಡೆ, ಅವರೊಂದು ಕಡೆ, ಕಡಲೆಪುರಿ ಎಲ್ಲ ಕಡೆ.

ಸೈಕಲ್ಲಿಗೆ ಏನೂ ಆಗಿರಲಿಲ್ಲ. ಎತ್ತಿ ತಿರುಗಿಸಿ ನೋಡಿದೆ, ನಾನು ಹೆಣೆದ ಚಕ್ರ ಒಂದು ಕೂದಲೂ ವಾಲಿರಲಿಲ್ಲ. ಅವರ ಮೊಣಕಾಲು ಮಾತ್ರ ಊದಿಕೊಳ್ಳುತ್ತಿತ್ತು, ಮಡಚಲು ಬರುತ್ತಿರಲಿಲ್ಲ. ಪಶ್ಚಿಮಕ್ಕೆ ನೋಡಿದೆ. ಹೊತ್ತು ಆಗಲೇ ವಾಲಿತ್ತು. ಅವರನ್ನು ಕುಂಟಿಸಿಕೊಂಡು ನಡೆದರೆ ಕೆಂಗೇರಿ ಮುಟ್ಟುವಾಗ ಕತ್ತಲಾಗುತ್ತದೆ, ಅವ್ವನಿಗೆ ನನ್ನ ಮುಖ ಇಲ್ಲ.

"ಮಾತು ಕೊಟ್ಟಿದ್ದು ನೀನು" ಎಂದರು ನಮ್ಮ ಮನೆಯವರು, ಮೊಣಕಾಲು ಹಿಡಿದುಕೊಂಡೇ. "ಚಕ್ರ ಹೆಣೆದಿದ್ದೂ ನೀನು. ನೀನೇ ತುಳಿ."

"ನಿಮ್ಮ ಮಾನ?"

"ನನ್ನ ಮಾನ ಕ್ಯಾರಿಯರ್ ಮೇಲೆ ಕೂತ್ಕೊಂಡು ಬರುತ್ತೆ. ಹತ್ತು."

ಕಚ್ಚೆ ಬಿಗಿದು ಹತ್ತಿದೆ. ಅವರು ನೋವಿನ ಕಾಲನ್ನು ಒಂದು ಪಕ್ಕಕ್ಕೆ ಚಾಚಿಕೊಂಡು ಹಿಂದೆ ಕೂತರು. ಹೊಳೆಯ ಸೇತುವೆಗೆ ಇನ್ನೂ ಸ್ವಲ್ಪ ಇಳಿಜಾರು ಉಳಿದಿತ್ತು. ಮತ್ತೆ ಪೆಡಲು ಕಾಲನ್ನು ಎಳೆದುಕೊಂಡು ಓಡತೊಡಗಿತು, ನನಗೂ ಭಯವಾಯಿತು. ಆಗ ಕಾಲಿಗೆ ಏನೋ ಹಳೆಯ ಗುರುತು ಸಿಕ್ಕಿದಂತಾಯಿತು. ರಾಗಿ ಬೀಸುವ ಕಲ್ಲು. ಜೋರಾಗಿ ತಿರುಗುವ ಕಲ್ಲನ್ನು ಒಮ್ಮೆಲೇ ನಿಲ್ಲಿಸಲು ಹೋದರೆ ತೋಳು ಕಿತ್ತು ಬರುತ್ತದೆ. ಅದರ ಜೊತೆಯಲ್ಲೇ ಹೋಗುತ್ತಾ, ಸ್ವಲ್ಪ ಸ್ವಲ್ಪವೇ ಕೈ ಭಾರ ಮಾಡಬೇಕು ಎಂದು ಚಿಕ್ಕಂದಿನಲ್ಲಿ ಅವ್ವ ನನ್ನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದ್ದಳು. ಕಾಲನ್ನೂ ಹಾಗೆಯೇ ಮಾಡಿದೆ. ಪೆಡಲಿನ ಜೊತೆಯಲ್ಲೇ ಇಳಿಯುತ್ತಾ, ಅದು ಮೇಲೆ ಬರುವಾಗ ಸ್ವಲ್ಪ ಒತ್ತಿ ಹಿಡಿದೆ. ಚಕ್ರ ನಿಧಾನವಾಯಿತು. ಇನ್ನೂ ಸ್ವಲ್ಪ ಒತ್ತಿದೆ, ಇನ್ನೂ ನಿಧಾನವಾಯಿತು. ಬ್ರೇಕು ನನ್ನ ಕಾಲಲ್ಲೇ ಇತ್ತು.

"ಹೆದರ್ಕೊಬೇಡಿ, ಮಾತು ಕೇಳ್ತಾ ಇದೆ" ಎಂದೆ ಹಿಂದಕ್ಕೆ.

ಸೇತುವೆ ದಾಟಿದ ಮೇಲೆ ಏರು. ಏರಿನಲ್ಲಿ ಆ ಚಕ್ರದ ಗುಣ ತಿಳಿಯಿತು. ಕಾಲು ಸೋತು ಮೇಲೆ ಬರಲಾರೆ ಎನ್ನುವ ಕಡೆ ಚಕ್ರವೇ ಅದನ್ನು ಎತ್ತಿ ಆಚೆ ದಾಟಿಸುತ್ತಿತ್ತು, ಆಮೇಲೆ ಒತ್ತುವುದಷ್ಟೇ ನನ್ನ ಪಾಲು. ಅಂದಿನಿಂದ ಆ ಸೈಕಲ್ಲಿಗೆ ನಾನು ಫ್ರೀವೀಲ್ ಹಾಕಿಸಲೇ ಇಲ್ಲ. ಬ್ರೇಕು ಹಾಕಿಸಿದೆ, ಫ್ರೀವೀಲ್ ಮಾತ್ರ ಕುಂಕುಮದ ಸಮೇತ ದೇವರ ಗೂಡಿನಲ್ಲೇ ಉಳಿಯಿತು.

"ಭಾರ ಆಯ್ತೇನೇ?" ಎಂದರು ಹಿಂದಿನಿಂದ.

"ಇಷ್ಟು ವರ್ಷ ಬೇಲು ಹೊತ್ತಿದ್ದೀರಲ್ಲ, ಇವತ್ತೊಂದಿನ ಬೇಲು ಇದ್ದಂಗೆ ಇದ್ಬಿಡಿ" ಎಂದೆ.

ಹಬ್ಬದ ಹಾರ ಹಾಕಿಕೊಂಡ ಒಂದು ಬಸ್ಸು ನಮ್ಮನ್ನು ದಾಟಿತು. ಬಸ್ಸಿನವರಿಗೆ 'ಇವತ್ತು ಮುಟ್ಟಬಾರದು' ಎನ್ನುವ ಪದ್ಧತಿ ಎಲ್ಲಿಂದ ಬರಬೇಕು. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು, "ಏನ್ ತಾಯಿ, ಕೆಂಗೇರಿಗೆ ಟಿಕೆಟ್ ಎಷ್ಟು?" ಎಂದು ಕಿಸಿದ. ನನಗೆ ಉತ್ತರ ಕೊಡಲು ಉಸಿರಿರಲಿಲ್ಲ. ಉತ್ತರ ಹಿಂದಿನಿಂದ ಬಂತು.

"ಇದು ತವರಿಗೆ ಹೋಗೋ ಗಾಡಿ ಕಣಯ್ಯ. ನಿನ್ನಂಥೋರಿಗೆ ಸೀಟಿಲ್ಲ."

ನಮ್ಮ ಮನೆಯವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಮದುವೆಯಾದ ಮೇಲೆ ನಾನು ಕೇಳಿದ್ದು ಅದೇ ಮೊದಲು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆ ನಗುವಿನಲ್ಲಿ ನನ್ನ ಕಾಲಿಗೆ ಮತ್ತೆ ಬಲ ಬಂತು.

ಕೆಂಗೇರಿಯ ನಮ್ಮ ಬೀದಿಗೆ ತಿರುಗಿದಾಗ ಬಿಸಿಲು ಇನ್ನೂ ಹೆಂಚಿನ ಮೇಲೆಯೂ ಇತ್ತು, ಜಗಲಿಯ ಮೇಲೆಯೂ ಇತ್ತು. ಅವ್ವ ಜಗಲಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ತಮ್ಮನ ಸೈಕಲ್ಲು ಹಾರ ಹಾಕಿಕೊಂಡು, ಚಕ್ರದ ಮುಂದೆ ನಿಂಬೆಹಣ್ಣು ಇಟ್ಟುಕೊಂಡು ನಿಂತಿತ್ತು. ಮನೆತನದ ಪದ್ಧತಿ ಅವನಿಗೂ ಅದೇ, ನಾಳೆಯ ತನಕ ಮುಟ್ಟುವ ಹಾಗಿಲ್ಲ. ಬೀದಿಯವರು ಬಾಗಿಲಿಗೆ ಬಂದು ನಿಂತರು. ಹಿಂದೆ ನಮ್ಮ ಮನೆಯವರು ಧೂಳಿಗೆ ಕೆಮ್ಮುತ್ತಿದ್ದರು. ತಮ್ಮ ಬಾಯಿ ತೆರೆದುಕೊಂಡು ನಿಂತಿದ್ದ.

ಅವ್ವ ಕಿವಿ ಕೊಟ್ಟು ಕೇಳಿದಳು. "ಬಳೆ ಸದ್ದು ಮುಂದಿದೆ, ಅಳಿಯಂದಿರ ಕೆಮ್ಮು ಹಿಂದಿದೆ. ಏನೋ ಇದು ಮಗಾ, ಯಾರು ತುಳೀತಿರೋದು?"

"ಅಕ್ಕ ಕಣವ್ವ" ಎಂದ ತಮ್ಮ. ಅವನ ದನಿ ಸಣ್ಣಗಾಗಿತ್ತು.

ಹೊಸ್ತಿಲಿನ ನೇರಕ್ಕೆ ಕಾಲು ಭಾರ ಮಾಡಿ ಸೈಕಲ್ ನಿಲ್ಲಿಸಿದೆ. ಅವ್ವ ಕೈ ಚಾಚಿದಳು, ನಾನು ಅವಳ ಮುಂದೆ ಮಂಡಿಯೂರಿದೆ. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು, ಬಿಸಿಲಿನ ಕಡೆಗೆ ತಿರುಗಿಸಿ, ತನ್ನ ಮುಖವನ್ನು ಹತ್ತಿರಕ್ಕೆ ತಂದು ನೋಡಿದಳು. ಎಡಕ್ಕೆ ವಾಲಿಸಿ ನೋಡಿದಳು, ಬಲಕ್ಕೆ ವಾಲಿಸಿ ನೋಡಿದಳು. ಕಣ್ಣಲ್ಲಿ ನೀರು ತುಂಬಿದರೆ ಕಾಣುವುದಿಲ್ಲವೆಂದು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು.

"ಕಂಡಿತು ಕಣವ್ವ. ಮೂಗಿನ ಮೇಲೆ ಕೋಪ ಇನ್ನೂ ಹಂಗೇ ಅದೆ" ಎಂದಳು.

ನಾನು ಬಲಗಾಲಿಟ್ಟು ಹೊಸ್ತಿಲು ತುಳಿದೆ. ತಮ್ಮ ಚೊಂಬಿನಲ್ಲಿ ನೀರು ತಂದ, ಆದರೆ ನನಗೆ ಕೊಡಲಿಲ್ಲ. ನೇರವಾಗಿ ಹೋಗಿ ಭಾವನ ಮುಂದೆ ಬಗ್ಗಿದ, ಆ ಊದಿದ ಕಾಲಿಗೆ ತಾನೇ ನೀರು ಹಾಕಿ ತೊಳೆದ. ಕ್ಷಮಿಸಿ ಗಿಮಿಸಿ ಎಂದೇನೂ ಅನ್ನಲಿಲ್ಲ. ನಮ್ಮ ಜನಕ್ಕೆ ಆ ಮಾತು ಬಾಯಲ್ಲಿ ಬರುವುದಿಲ್ಲ. ಬದಲಿಗೆ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಕಡ್ಡಿ ಮುಟ್ಟಿ ನೋಡಿ, "ಯಾರು ಹೆಣೆದದ್ದು ಭಾವ?" ಎಂದ.

"ನಿಮ್ಮಕ್ಕ."

"ಒಂದು ಸುತ್ತು ಹೋಗಿ ಬರ್ಲಾ?"

"ಹೋಗಿ ಬಾ" ಎಂದೆ ನಾನು. ಕಾಲು ನಿಲ್ಲಿಸಬಾರದು ಎಂದು ಹೇಳಬಹುದಾಗಿತ್ತು. ಬೇಕೆಂದೇ ಹೇಳಲಿಲ್ಲ. ಹತ್ತಿದ, ಜೋರಾಗಿ ತುಳಿದ, ಎಲ್ಲರೂ ನೋಡಲಿ ಎಂದು ಜಂಬದಿಂದ ಕಾಲು ನಿಲ್ಲಿಸಿದ. ಪೆಡಲು ಅವನನ್ನು ಎತ್ತಿ ಎದುರು ಮನೆಯ ತಿಪ್ಪೆಗೆ ಹಾಕಿತು.

"ಏನದು ಸದ್ದು?" ಎಂದಳು ಅವ್ವ.

"ನಿನ್ನ ಮಗ ಬಿದ್ದ ಕಣವ್ವ."

"ಏಳ್ತಾನೆ ಬಿಡು. ನನ್ನ ಕೂರ್ಸೆ ಅದರ ಮೇಲೆ."

ಬೇಡವೆಂದರೂ ಕೇಳಲಿಲ್ಲ. ಹಟದಲ್ಲಿ ನನಗೂ ಅವ್ವ ಅಲ್ಲವೇ ಅವಳು. ತಮ್ಮ ತಿಪ್ಪೆಯಿಂದ ಎದ್ದು ಬಂದು, ಕೈ ತೊಳೆದು, ಅವ್ವನನ್ನು ಮಗುವಿನ ಹಾಗೆ ಎತ್ತಿ ಕ್ಯಾರಿಯರ್ ಮೇಲೆ ಕೂರಿಸಿದ. ಅವಳ ಬೆನ್ನಿಗೆ ಕೈ ಕೊಟ್ಟುಕೊಂಡು ಪಕ್ಕದಲ್ಲೇ ಓಡಿದ. ನಾನು ನಿಧಾನವಾಗಿ ತುಳಿದೆ. ಅವ್ವ ನನ್ನ ಸೊಂಟ ಬಿಗಿಯಾಗಿ ಹಿಡಿದುಕೊಂಡು ಬೆನ್ನ ಹಿಂದೆ ಹೇಳುತ್ತಾ ಬಂದಳು: ಅದೋ ಬಾವಿಕಟ್ಟೆ, ಅದೋ ಕೆಂದ ಹಸ, ಅದೋ ಅರಳೀಮರ, ಅದರ ತುದೀಲಿ ಬಿಸಿಲು ಅದೆ ನೋಡು, ಎಷ್ಟು ಚೆಂದ ಅದೆ. ಬೀದಿ ಮುಗಿಯಿತು. ತಿರುಗಿಸಿಕೊಂಡು ಮನೆಯ ಮುಂದೆ ಬಂದೆವು.

"ಸಾಕು ನಿಲ್ಸಕ್ಕ, ಅವ್ವಂಗೆ ಸುಸ್ತಾಗ್ತದೆ" ಎಂದ ತಮ್ಮ, ತನಗೇ ಏದುಸಿರು ಬಂದಿದ್ದರೂ.

ಅವ್ವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಅವನ ಮಾತು ಕೇಳ್ಬೇಡ. ಬಿಸಿಲು ಇರೋತನಕ ತುಳಿ ನೀನು."

ಬಿಸಿಲು ಇರುವ ತನಕ ತುಳಿದೆ.